ವಿದೇಶದಲ್ಲಿ ಡಾಕ್ಟರ್ ಆಗುವುದು ಬೇರೆ, ಅಲ್ಲೇ ನೆಲೆಸುವುದು ಬೇರೆ

ಎಂಬಿಬಿಎಸ್ ಮುಗಿಸಿದವರು, ಎಂಡಿ ಮಾಡುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. "ಡಾಕ್ಟರ್‌ಗಳಿಗೆ ಯಾವ ದೇಶದಲ್ಲಿ ಬೇಗ ಪಿಆರ್ ಸಿಗುತ್ತೆ?" ಪಿಆರ್ ಅಂದರೆ ಆ ದೇಶದಲ್ಲಿ ಶಾಶ್ವತವಾಗಿ ವಾಸಿಸುವ ಹಕ್ಕು. ಪ್ರಶ್ನೆ ಸಹಜವೇ. ಆದರೆ ಒಂದು ದೇಶದ ಹೆಸರು ಹೇಳಿ ಕಳಿಸಿಬಿಟ್ಟರೆ ಕೇಳಿದವರಿಗೆ ಅನ್ಯಾಯ ಮಾಡಿದಂತೆ. ಪಿಆರ್ ಬೇಗ ಕೊಡುವ ದೇಶ ನಿಮ್ಮನ್ನು ರೋಗಿಯ ಹತ್ತಿರವೂ ಬಿಡದೇ ಇರಬಹುದು. ರೋಗಿಗಳನ್ನು ನೋಡಿ ಅಂತ ಕೈತುಂಬ ಕೆಲಸ ಕೊಡುವ ದೇಶ ಪಿಆರ್ ವಿಷಯಕ್ಕೆ ಬಂದರೆ ದಶಕಗಟ್ಟಲೆ ಕಾಯಿಸಬಹುದು.

ಇದಕ್ಕೆ ಕಾರಣ ಸರಳ. ನೀವು ಡಾಕ್ಟರ್ ಆಗಿ ಕೆಲಸ ಮಾಡಬಹುದೋ ಇಲ್ಲವೋ ಅಂತ ಹೇಳುವುದು ಆ ದೇಶದ ಮೆಡಿಕಲ್ ಕೌನ್ಸಿಲ್ ಅಥವಾ ರಾಜ್ಯದ ಬೋರ್ಡ್. ನೀವು ಅಲ್ಲಿ ಇರಬಹುದೋ ಇಲ್ಲವೋ ಅಂತ ಹೇಳುವುದು ವಲಸೆ ಇಲಾಖೆ. ಇವೆರಡೂ ಒಂದರ ಮಾತನ್ನು ಒಂದು ಕೇಳುವುದಿಲ್ಲ. ಕೌನ್ಸಿಲ್ ಒಪ್ಪಿದ ಮಾತ್ರಕ್ಕೆ ವೀಸಾ ಬರುವುದಿಲ್ಲ, ಪಿಆರ್ ಬಂದ ಮಾತ್ರಕ್ಕೆ ಕೌನ್ಸಿಲ್ ಪರೀಕ್ಷೆ ಬಿಡುವುದಿಲ್ಲ. ಒಂದೊಂದು ದೇಶದಲ್ಲಿ ದಾರಿ ಒಂದೊಂದು ಕಡೆ ಇಕ್ಕಟ್ಟಾಗುತ್ತದೆ. ಅಮೆರಿಕದಲ್ಲಿ ಅಲ್ಲಿನ ಪಿಆರ್ ಆದ ಗ್ರೀನ್ ಕಾರ್ಡ್ ಹತ್ತಿರ, ಕೆನಡಾದಲ್ಲಿ ಲೈಸೆನ್ಸ್ ಹತ್ತಿರ, ಬ್ರಿಟನ್‌ನಲ್ಲಿ ಕೆಲಸ ಹುಡುಕುವ ಹತ್ತಿರ. ಹಾಗಾಗಿ ದೇಶ ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು: ಅಲ್ಲಿ ಇಕ್ಕಟ್ಟು ಎಲ್ಲಿದೆ, ನನ್ನ ವಯಸ್ಸಿಗೆ, ನನ್ನ ಮನೆಯ ಪರಿಸ್ಥಿತಿಗೆ ಆ ಜಾಗದಲ್ಲಿ ಎಷ್ಟು ವರ್ಷ ನಿಲ್ಲೋಕೆ ಆಗುತ್ತೆ?

ಅಮೆರಿಕದಿಂದ ಶುರು ಮಾಡೋಣ. ಗೊಂದಲ ಜಾಸ್ತಿ ಇರುವುದು ಇಲ್ಲೇ.

ಲೈಸೆನ್ಸ್ ಕಡೆಯ ದಾರಿ ಕಷ್ಟ, ಆದರೆ ಸ್ಪಷ್ಟವಾಗಿದೆ. ಯುಎಸ್‌ಎಂಎಲ್‌ಇ ಎಂಬ ಅಲ್ಲಿನ ಲೈಸೆನ್ಸ್ ಪರೀಕ್ಷೆಯ ಸ್ಟೆಪ್ 1, ಸ್ಟೆಪ್ 2 ಸಿಕೆ ಪಾಸಾಗಬೇಕು, ವೈದ್ಯರಿಗಾಗಿಯೇ ಇರುವ ಒಇಟಿ ಇಂಗ್ಲಿಷ್ ಪರೀಕ್ಷೆ ಮುಗಿಸಬೇಕು, ವಿದೇಶದಲ್ಲಿ ಓದಿದ ವೈದ್ಯರ ಅರ್ಹತೆ ಪರಿಶೀಲಿಸುವ ಇಸಿಎಫ್‌ಎಂಜಿ ಸಂಸ್ಥೆಯ ಸರ್ಟಿಫಿಕೇಟ್ ಪಡೆಯಬೇಕು. ಆಮೇಲೆ ಅರ್ಜಿದಾರರನ್ನೂ ಆಸ್ಪತ್ರೆಗಳನ್ನೂ ಹೊಂದಿಸುವ ಮ್ಯಾಚ್ ಮೂಲಕ, ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿಯ ಸೀಟು. ಫಲಿತಾಂಶ ಮಾರ್ಚ್‌ನಲ್ಲಿ, ಕೆಲಸ ಶುರು ಜುಲೈನಲ್ಲಿ. ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಪೀಡಿಯಾಟ್ರಿಕ್ಸ್ ಆದರೆ 3 ವರ್ಷ, ಸೈಕಿಯಾಟ್ರಿ 4, ಜನರಲ್ ಸರ್ಜರಿ 5. ನಿಮ್ಮ ದೇಶದಲ್ಲಿ ನೀವು ಹತ್ತು ವರ್ಷ ಸರ್ಜನ್ ಆಗಿದ್ದರೂ ಬಹುತೇಕ ರಾಜ್ಯಗಳಲ್ಲಿ ರೆಸಿಡೆನ್ಸಿ ಮತ್ತೆ ಮಾಡಲೇಬೇಕು. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕ ಕೊಡುವುದಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಹಾಗಾಗಿ ಈಗ ರೆಸಿಡೆನ್ಸಿ ಪ್ರೋಗ್ರಾಂಗಳ ಕಣ್ಣು ಸ್ಟೆಪ್ 2ರ ಅಂಕದ ಮೇಲೆ.

ನಿಜವಾದ ಆಯ್ಕೆ ಬರುವುದು ರೆಸಿಡೆನ್ಸಿಗೆ ಯಾವ ವೀಸಾದಲ್ಲಿ ಹೋಗಬೇಕು ಎನ್ನುವಲ್ಲಿ. ಜೆ-1 ಅಥವಾ ಕೆಲಸದ ವೀಸಾ ಆದ ಎಚ್-1ಬಿ. ಇದನ್ನು ಅನೇಕರು ಸುಮ್ನೆ ಪ್ರೋಗ್ರಾಂ ಏನು ಕೊಡುತ್ತೋ ಅದನ್ನು ತಗೊಂಡು ಹೋಗುತ್ತಾರೆ. ಆದರೆ ಮುಂದಿನ ಹತ್ತು ವರ್ಷದ ಬದುಕು ಹೇಗಿರುತ್ತದೆ ಎನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ ಆಯ್ಕೆ.

ಜೆ-1 ಎಂದರೆ ಟ್ರೈನಿಂಗ್ ವೀಸಾ. ವೈದ್ಯರ ರೆಸಿಡೆನ್ಸಿ, ಆಮೇಲಿನ ಉನ್ನತ ತರಬೇತಿಯಾದ ಫೆಲೋಶಿಪ್‌ಗೆ ಇದನ್ನು ಸ್ಪಾನ್ಸರ್ ಮಾಡುವುದು ಇಸಿಎಫ್‌ಎಂಜಿ. ಹೆಚ್ಚಿನ ಪ್ರೋಗ್ರಾಂಗಳು ಇದನ್ನೇ ಕೊಡುತ್ತವೆ. ಸಾಮಾನ್ಯವಾಗಿ 7 ವರ್ಷದ ಮಿತಿ ಇದೆ. ಗಂಡ ಅಥವಾ ಹೆಂಡತಿ ಜೆ-2ನಲ್ಲಿ ಬಂದು, ಪರವಾನಗಿ ಪಡೆದು ಕೆಲಸ ಮಾಡಬಹುದು. ಇಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಇದರ ಜತೆ ಒಂದು ಷರತ್ತು ಅಂಟಿಕೊಂಡೇ ಬರುತ್ತದೆ. ಟ್ರೈನಿಂಗ್ ಮುಗಿದ ಮೇಲೆ ನಿಮ್ಮ ದೇಶಕ್ಕೆ ವಾಪಸ್ ಹೋಗಿ 2 ವರ್ಷ ಇರಬೇಕು. ಅಲ್ಲಿಯವರೆಗೆ ಎಚ್-1ಬಿ ಸ್ಟೇಟಸ್ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಸಿಗುವುದಿಲ್ಲ. ಬೇರೆ ಜೆ-1 ಹೊಂದಿರುವ ಕೆಲವರಿಗೆ ಅವರ ಸರ್ಕಾರ "ನಮ್ಮ ಆಕ್ಷೇಪ ಇಲ್ಲ" ಎಂದು ಪತ್ರ ಕೊಟ್ಟರೆ ಷರತ್ತು ತಪ್ಪುತ್ತದೆ. ರೆಸಿಡೆನ್ಸಿ ಮಾಡಿದ ವೈದ್ಯರಿಗೆ ಆ ದಾರಿಯನ್ನು ಕಾನೂನೇ ಮುಚ್ಚಿದೆ.

ಹಾಗಾದರೆ ಸಾವಿರಾರು ಜನ ಅಲ್ಲೇ ಉಳಿದದ್ದು ಹೇಗೆ? ವೇವರ್ ಮೂಲಕ, ಅಂದರೆ ಆ ಷರತ್ತನ್ನು ಮನ್ನಾ ಮಾಡಿಸಿಕೊಂಡು. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಾನ್‌ರಾಡ್ 30. ನಾರ್ತ್ ಡಕೋಟಾದ ಸೆನೆಟರ್ ಆಗಿದ್ದ ಕೆಂಟ್ ಕಾನ್‌ರಾಡ್ ಹೆಸರಿನಲ್ಲಿ 1994ರಲ್ಲಿ ಬಂದ ಕಾರ್ಯಕ್ರಮ ಇದು. ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಸರ್ಕಾರ ವೈದ್ಯರ ಕೊರತೆ ಇದೆ ಎಂದು ಗುರುತಿಸಿದ ಪ್ರದೇಶದಲ್ಲಿ, ಎಚ್-1ಬಿ ಮೇಲೆ, ಪೂರ್ಣಾವಧಿಯಾಗಿ 3 ವರ್ಷ ಕೆಲಸ ಮಾಡಿದರೆ ವಾಪಸ್ ಹೋಗುವ ಷರತ್ತು ಮನ್ನಾ ಆಗುತ್ತದೆ. 30ರಲ್ಲಿ 10 ಜಾಗಗಳನ್ನು ರಾಜ್ಯ ಸ್ವಲ್ಪ ಸಡಿಲವಾಗಿ ಬಳಸಬಹುದು. ಅಂದರೆ ಆಸ್ಪತ್ರೆ ಕೊರತೆಯ ಪ್ರದೇಶದಲ್ಲಿ ಇಲ್ಲದಿದ್ದರೂ, ಅಂಥ ಪ್ರದೇಶದ ರೋಗಿಗಳು ಅಲ್ಲಿಗೆ ಬರುತ್ತಿದ್ದರೆ ಸಾಕು.

ಇಲ್ಲಿ ದಿನಾಂಕ ಬಹಳ ಮುಖ್ಯ. ಅವರ ಸರ್ಕಾರಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಹಲವು ರಾಜ್ಯಗಳು ಆ ಹೊತ್ತಿಗೇ ಅರ್ಜಿ ತೆಗೆದುಕೊಳ್ಳಲು ಆರಂಭಿಸುತ್ತವೆ. ಬೇಡಿಕೆ ಜಾಸ್ತಿ ಇರುವ ರಾಜ್ಯಗಳಲ್ಲಿ ಜಾಗಗಳು ಬೇಗ ತುಂಬಿಹೋಗುತ್ತವೆ, ಕೆಲವು ರಾಜ್ಯಗಳಲ್ಲಿ ವರ್ಷದ ಕೊನೆಯಲ್ಲೂ ಉಳಿದಿರುತ್ತವೆ. ಜೂನ್‌ನಲ್ಲಿ ಟ್ರೈನಿಂಗ್ ಮುಗಿಯುವವರು ಹಿಂದಿನ ವರ್ಷದ ಅಮೆರಿಕದ ಬೇಸಿಗೆಯಲ್ಲೇ, ಅಂದರೆ ಜೂನ್-ಆಗಸ್ಟ್‌ನಲ್ಲೇ, ಕೆಲಸ ಹುಡುಕಿ, ಕಾಂಟ್ರಾಕ್ಟ್ ಸಹಿ ಮಾಡಿ, ಕಾಗದಪತ್ರ ಸಿದ್ಧ ಮಾಡಿಟ್ಟುಕೊಂಡಿರಬೇಕು. ಕೊನೆಯ ವರ್ಷಕ್ಕೆ ಬಂದ ಮೇಲೆ ಯೋಚಿಸಿದರೆ ತಡವಾಗುತ್ತದೆ. ಕಾನ್‌ರಾಡ್ ಒಂದೇ ಅಲ್ಲ. ಮಾಜಿ ಸೈನಿಕರ ಆಸ್ಪತ್ರೆಗಳನ್ನು ನಡೆಸುವ ವಿಎ, ಕೇಂದ್ರದ ಆರೋಗ್ಯ ಇಲಾಖೆ, ಅಪಲೇಚಿಯನ್ ಮತ್ತು ಡೆಲ್ಟಾ ಪ್ರಾಂತ್ಯಗಳ ಸಂಸ್ಥೆಗಳೂ ವೇವರ್‌ಗೆ ಶಿಫಾರಸು ಮಾಡುತ್ತವೆ. ಇವಕ್ಕೆ 30ರ ಲೆಕ್ಕ ಇಲ್ಲ.

ಕಾಂಟ್ರಾಕ್ಟ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವೇವರ್ ಕೆಲಸ ಹುಡುಕುವಾಗ ಡಾಕ್ಟರ್ ಅವಸರದಲ್ಲಿರುತ್ತಾರೆ, ಅದು ಎದುರಿಗಿರುವ ಮಾಲೀಕರಿಗೂ ಗೊತ್ತಿರುತ್ತದೆ. ಮೂರು ವರ್ಷ ಮುಗಿಯುವ ಮೊದಲು ಕೆಲಸ ಬಿಡಬೇಕಾದರೆ ತೀರಾ ಅಸಾಧಾರಣ ಕಾರಣ ತೋರಿಸಬೇಕು, ಉಳಿದ ಅವಧಿಯನ್ನು ಮತ್ತೊಂದು ಕೊರತೆಯ ಪ್ರದೇಶದಲ್ಲೇ ಮುಗಿಸಬೇಕು. ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ರಾತ್ರಿ ಕಾಲ್ ಎಷ್ಟು, ಮಧ್ಯೆ ಬಿಟ್ಟರೆ ದಂಡ ಎಷ್ಟು, ಗ್ರೀನ್ ಕಾರ್ಡ್ ಅರ್ಜಿಯನ್ನು ಯಾವ ತಿಂಗಳು ಹಾಕುತ್ತೀರಿ ಎನ್ನುವುದನ್ನೂ ಕೇಳಿ, ಉತ್ತರವನ್ನು ಕಾಂಟ್ರಾಕ್ಟ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಈಗ ಎಚ್-1ಬಿ. ಇದರಲ್ಲಿ ವಾಪಸ್ ಹೋಗುವ ಷರತ್ತಿಲ್ಲ, ಅದಕ್ಕೇ ಎಲ್ಲರಿಗೂ ಆಸೆ. ಆದರೆ ರೆಸಿಡೆನ್ಸಿಗೆ ಎಚ್-1ಬಿ ಕೊಡುವ ಪ್ರೋಗ್ರಾಂಗಳು ಕಡಿಮೆ, ಮತ್ತು ಅದಕ್ಕೆ ಮೊದಲೇ ಯುಎಸ್‌ಎಂಎಲ್‌ಇಯ ಕೊನೆಯ ಹಂತವಾದ ಸ್ಟೆಪ್ 3 ಪಾಸಾಗಿರಬೇಕು. ಒಟ್ಟು ಅವಧಿ 6 ವರ್ಷ. ಮೂರು ವರ್ಷ ರೆಸಿಡೆನ್ಸಿ, ಮೂರು ವರ್ಷ ಫೆಲೋಶಿಪ್ ಅಂದರೆ ಆರೂ ಮುಗಿಯಿತು. ಅಷ್ಟರೊಳಗೆ ಗ್ರೀನ್ ಕಾರ್ಡ್ ದಾರಿಯ ಒಂದು ಹಂತವಾದ ಐ-140 ಅರ್ಜಿ ಮಂಜೂರಾಗಿದ್ದರೆ ಮುಂದುವರಿಸಬಹುದು, ಇಲ್ಲದಿದ್ದರೆ ತೊಂದರೆ. ಇನ್ನೊಂದು ತೊಡಕು ಲಾಟರಿ, ಅಂದರೆ ವರ್ಷದ ಮಿತಿಗಿಂತ ಅರ್ಜಿ ಹೆಚ್ಚಾದಾಗ ಚೀಟಿ ಎತ್ತಿದಂತೆ ಆರಿಸುವುದು. ವಿಶ್ವವಿದ್ಯಾಲಯಗಳು, ಅವುಗಳಿಗೆ ಸೇರಿದ ಲಾಭರಹಿತ ಆಸ್ಪತ್ರೆಗಳು ವರ್ಷಕ್ಕೆ 85,000 ಎಂಬ ಎಚ್-1ಬಿ ಮಿತಿಯ ಹೊರಗಿವೆ. ಅಂಥ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮುಗಿಸಿ ಖಾಸಗಿ ಗ್ರೂಪ್‌ಗೆ ಸೇರಬೇಕಾದರೆ ಆಗ ಮೊದಲ ಸಲ ಲಾಟರಿಗೆ ನಿಲ್ಲಬೇಕಾಗುತ್ತದೆ. ಕಾನ್‌ರಾಡ್ ವೇವರ್ ಪಡೆದವರಿಗೆ ಈ ಲಾಟರಿ ಇಲ್ಲ. ನೋಡಿ, ಕಷ್ಟದ ದಾರಿ ಅನ್ನಿಸುವ ಜೆ-1ರಲ್ಲಿ ಇಂಥ ಅನುಕೂಲಗಳೂ ಇವೆ. ಟ್ರೈನಿಂಗ್‌ನ ವರ್ಷಗಳು ಎಚ್-1ಬಿಯ ಆರು ವರ್ಷದ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು ಇನ್ನೊಂದು.

2025ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಅಧ್ಯಕ್ಷರ ಆದೇಶ ಈ ಲೆಕ್ಕಕ್ಕೆ ಇನ್ನೊಂದು ಭಾರ ಸೇರಿಸಿತು. ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಎಂದಿತು, ಮೊದಲಿಗೆ 12 ತಿಂಗಳ ಮಟ್ಟಿಗೆ. ಈಗಾಗಲೇ ಅಮೆರಿಕದೊಳಗೆ ಇದ್ದು, ಅಲ್ಲಿಂದಲೇ ಸ್ಟೇಟಸ್ ಬದಲಿಸಿಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ವಲಸೆ ಇಲಾಖೆ ಅಕ್ಟೋಬರ್‌ನಲ್ಲಿ ವಿವರಿಸಿತು. ಜೆ-1ರಲ್ಲಿ ಟ್ರೈನಿಂಗ್ ಮುಗಿಸಿ ಅಲ್ಲೇ ಎಚ್-1ಬಿಗೆ ಬದಲಾಗುವವರು ಈ ಎರಡನೇ ಗುಂಪು. ಹೊರಗಿನಿಂದ ನೇರ ಎಚ್-1ಬಿಯಲ್ಲಿ ಕರೆಸಿಕೊಳ್ಳಬೇಕಿದ್ದ ಸಣ್ಣ ಊರಿನ ಆಸ್ಪತ್ರೆಗಳಿಗೆ ಮಾತ್ರ ಇದು ದೊಡ್ಡ ಹೊಡೆತ.

ಇಷ್ಟೆಲ್ಲ ದಾಟಿದ ಮೇಲೆ ಗ್ರೀನ್ ಕಾರ್ಡ್. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್‌ಗಳು, ಕುಟುಂಬದವರನ್ನೂ ಸೇರಿಸಿ. ಅದರಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ. ದೇಶ ಅಂದರೆ ಪಾಸ್‌ಪೋರ್ಟ್ ಯಾವುದು ಅಂತಲ್ಲ, ಎಲ್ಲಿ ಹುಟ್ಟಿದ್ದೀರಿ ಎನ್ನುವುದು. ಭಾರತದಲ್ಲಿ ಹುಟ್ಟಿ ಕೆನಡಾ ಪೌರತ್ವ ಪಡೆದರೂ ನೀವು ಭಾರತದ ಸಾಲಿನಲ್ಲೇ ನಿಲ್ಲುತ್ತೀರಿ. ವೈದ್ಯರು ಹೆಚ್ಚಾಗಿ ಬರುವ ಇಬಿ-2 ವರ್ಗದಲ್ಲಿ 2025ರ ಕೊನೆಯ ಹೊತ್ತಿಗೆ ಭಾರತದಲ್ಲಿ ಹುಟ್ಟಿದವರ ಸರದಿ 2013ರಲ್ಲಿ ಅರ್ಜಿ ಹಾಕಿದವರ ಬಳಿ ಇತ್ತು. ಹಾಗಂತ ಈಗ ಹಾಕಿದರೆ 12 ವರ್ಷಕ್ಕೆ ಬರುತ್ತೆ ಅಂದುಕೊಳ್ಳಬೇಡಿ. 2013ರ ನಂತರ ಸಾಲಿಗೆ ಸೇರಿದವರ ಸಂಖ್ಯೆ ಬಹಳ ದೊಡ್ಡದು, ಪ್ರತಿವರ್ಷ ಮುಂದೆ ಸಾಗುವವರು ಸ್ವಲ್ಪ ಜನ. ಹೊಸಬರಿಗೆ ಕಾಯುವಿಕೆ ಅದಕ್ಕಿಂತ ಎಷ್ಟೋ ಹೆಚ್ಚು. ಅದೇ ವಾರ್ಡ್‌ನಲ್ಲಿ ಅದೇ ಕೆಲಸ ಮಾಡುವ, ಹೆಚ್ಚಿನ ಬೇರೆ ದೇಶಗಳಲ್ಲಿ ಹುಟ್ಟಿದ ಡಾಕ್ಟರ್‌ಗೆ ಆಗ ಇದ್ದದ್ದು ಸುಮಾರು ಎರಡು ವರ್ಷದ ಕಾಯುವಿಕೆ. ಕೊರತೆಯ ಊರಿನಲ್ಲಿ ವರ್ಷಗಟ್ಟಲೆ ಸೇವೆ ಮಾಡಿದ ವೈದ್ಯರನ್ನು ಹುಟ್ಟಿದ ಜಾಗದ ಲೆಕ್ಕದಲ್ಲಿ ಹೀಗೆ ಅತಂತ್ರವಾಗಿ ಇಡುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

"ವೈದ್ಯರಿಗೆ ಎನ್‌ಐಡಬ್ಲ್ಯೂ ಇದೆಯಲ್ಲ, ಅದರಲ್ಲಿ ಸಾಲು ತಪ್ಪುತ್ತೆ" ಎನ್ನುವ ಮಾತು ತುಂಬ ಓಡಾಡುತ್ತದೆ. ಇದು ತಪ್ಪು ತಿಳಿವಳಿಕೆ. 1999ರ ಕಾನೂನಿನಲ್ಲಿ ಬಂದ ವೈದ್ಯರ ಎನ್‌ಐಡಬ್ಲ್ಯೂ, ಅಂದರೆ ರಾಷ್ಟ್ರೀಯ ಹಿತದ ವಿನಾಯಿತಿಯ ಪ್ರಕಾರ, ಕೊರತೆಯ ಪ್ರದೇಶದಲ್ಲಿ ಅಥವಾ ವಿಎ ಆಸ್ಪತ್ರೆಯಲ್ಲಿ ಒಟ್ಟು 5 ವರ್ಷ ಪೂರ್ಣಾವಧಿ ಕೆಲಸ ಮಾಡುತ್ತೇನೆ ಎಂದು ಒಪ್ಪಿದರೆ ಪರ್ಮ್ ಎಂಬ ಉದ್ದನೆಯ ಕಾರ್ಮಿಕ ಪರಿಶೀಲನೆ ಬೇಕಾಗುವುದಿಲ್ಲ. ವೇವರ್‌ನ 3 ವರ್ಷ ಈ 5ರಲ್ಲಿ ಸೇರುತ್ತದೆ, ಜೆ-1ರಲ್ಲಿದ್ದ ಸಮಯ ಸೇರುವುದಿಲ್ಲ. ಆದರೆ ಎನ್‌ಐಡಬ್ಲ್ಯೂ ಇರುವುದೂ ಇಬಿ-2 ಒಳಗೇ. ಭಾರತದಲ್ಲಿ ಹುಟ್ಟಿದವರಿಗೆ ಅದೇ ಸಾಲು. ಪ್ರಯೋಜನ ಬೇರೆ ರೀತಿಯದು. ಸಾಲಿನಲ್ಲಿ ನಿಮ್ಮ ದಿನಾಂಕ ಬೇಗ ಗಟ್ಟಿಯಾಗುತ್ತದೆ, ಎಚ್-1ಬಿಯನ್ನು ಆರು ವರ್ಷದ ನಂತರವೂ ಮೂರು ಮೂರು ವರ್ಷ ಮುಂದುವರಿಸಬಹುದು, ಎಚ್-1ಬಿ ಇರುವವರ ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿರುವ ಗಂಡ ಅಥವಾ ಹೆಂಡತಿಗೆ ಕೆಲಸದ ಪರವಾನಗಿ ಸಿಗುತ್ತದೆ. ಹಾಗಾಗಿ ಕಾಂಟ್ರಾಕ್ಟ್ ಕೈಗೆ ಬಂದ ಕೂಡಲೇ ಐ-140 ಹಾಕುವ ಬಗ್ಗೆ ವಕೀಲರ ಹತ್ತಿರ ಮಾತಾಡಿ. ಒಂದು ವರ್ಷ ತಡ ಮಾಡಿದರೆ ಅದು ಸಾಲಿನ ಇನ್ನೊಂದು ತುದಿಯಲ್ಲಿ ಒಂದು ವರ್ಷವಾಗಿ ಉಳಿಯುವುದಿಲ್ಲ, ಅದಕ್ಕಿಂತ ಹೆಚ್ಚೇ ಆಗುತ್ತದೆ.

ಸಾಲು ಚಿಕ್ಕದಾಗುವ ನ್ಯಾಯವಾದ ದಾರಿಗಳು ಎರಡಿವೆ. ಒಂದು, ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ಹುಟ್ಟಿದ ದೇಶದ ಸಾಲಿಗೆ ಇಬ್ಬರೂ ಹೋಗಬಹುದು. ಗಲ್ಫ್‌ನಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಂದಿಗೆ ತಮ್ಮ ಜನನ ಪ್ರಮಾಣಪತ್ರಕ್ಕೆ ಇಷ್ಟು ಬೆಲೆ ಇದೆ ಅಂತ ಗೊತ್ತೇ ಇರುವುದಿಲ್ಲ. ಇನ್ನೊಂದು ಇಬಿ-1. ಸಂಶೋಧನೆ, ಪ್ರಕಟಣೆ, ಇತರರ ಲೇಖನಗಳನ್ನು ಪರಿಶೀಲಿಸಿದ ದಾಖಲೆ, ಮನ್ನಣೆ ಇರುವವರಿಗೆ. 2025ರ ಕೊನೆಯಲ್ಲಿ ಅಲ್ಲಿ ಭಾರತದ ಸರದಿ 2022ರಲ್ಲಿತ್ತು. 2013ಕ್ಕೂ 2022ಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಅಕಾಡೆಮಿಕ್ ಒಲವು ಇರುವವರು ರೆಸಿಡೆನ್ಸಿಯ ಮೊದಲ ವರ್ಷದಿಂದಲೇ ಈ ದಾಖಲೆಗಳನ್ನು ಕೂಡಿಡುವುದು ಒಳ್ಳೆಯದು.

ರೆಸಿಡೆನ್ಸಿ ಇಲ್ಲದೆಯೇ ಲೈಸೆನ್ಸ್ ಕೊಡುವ ರಾಜ್ಯಗಳ ಸುದ್ದಿಯನ್ನೂ ನೀವು ಕೇಳಿರಬಹುದು. 2023ರಲ್ಲಿ ಟೆನೆಸಿ ಅಂಥ ಕಾನೂನು ಮಾಡಿತು, ಆಮೇಲೆ ಫ್ಲಾರಿಡಾ, ವರ್ಜೀನಿಯಾ ಮುಂತಾದ ರಾಜ್ಯಗಳು ಹಿಂಬಾಲಿಸಿದವು. ಬೇರೆ ದೇಶದಲ್ಲಿ ಪೂರ್ತಿ ತರಬೇತಿ ಪಡೆದವರಿಗೆ, ಹೆಚ್ಚಿನ ಕಡೆ ಮೊದಲಿಗೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ತಾತ್ಕಾಲಿಕ ಲೈಸೆನ್ಸ್ ಇದು. ಗ್ರೀನ್ ಕಾರ್ಡ್ ಈಗಾಗಲೇ ಇರುವವರಿಗೆ ನಿಜಕ್ಕೂ ಬಾಗಿಲು ತೆರೆದಂತೆ. ಹೊರಗಿರುವವರಿಗೆ ವೀಸಾ ಪ್ರಶ್ನೆ ಹಾಗೇ ಉಳಿಯುತ್ತದೆ. ರಾಜ್ಯ ಲೈಸೆನ್ಸ್ ಕೊಡಬಹುದು, ವೀಸಾ ಕೊಡುವ ಅಧಿಕಾರ ರಾಜ್ಯಕ್ಕಿಲ್ಲ.

ಕೆನಡಾಗೆ ಬಂದರೆ ಚಿತ್ರ ಪೂರ್ತಿ ತಿರುಗಿಬಿಡುತ್ತದೆ. ಅಲ್ಲಿ ಹುಟ್ಟಿದ ದೇಶದ ಲೆಕ್ಕ ಇಲ್ಲ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಪಿಆರ್ ಆಯ್ಕೆ ಪದ್ಧತಿಯಲ್ಲಿ ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ. ಮನೆಯಲ್ಲಿ ಕೂತೇ ಅರ್ಜಿ ಹಾಕಬಹುದು, ಕೆನಡಾದ ಮೆಡಿಕಲ್ ಲೈಸೆನ್ಸ್ ಇಲ್ಲದೆಯೂ ಪಿಆರ್ ಬರಬಹುದು. ಪ್ರಾಂತ್ಯವೊಂದು ನಿಮ್ಮನ್ನು ನಾಮಿನೇಟ್ ಮಾಡಿದರೆ 600 ಅಂಕ ಸೇರುತ್ತದೆ, ಆಗ ಆಹ್ವಾನ ಬಂದೇ ಬರುತ್ತದೆ ಅಂತ ಹೇಳಬಹುದು. ಇಷ್ಟು ಕೇಳಿ ಅನೇಕರು ಖುಷಿಯಿಂದ ಹೊರಡುತ್ತಾರೆ, ಅಲ್ಲಿಗೆ ಇಳಿದ ಮೇಲೆ ಆಸ್ಪತ್ರೆಯ ಹೊರಗೇ ನಿಂತುಬಿಡುತ್ತಾರೆ.

ಯಾಕಂದ್ರೆ ಲೈಸೆನ್ಸ್‌ಗೆ ಅಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಎಂಸಿಸಿಕ್ಯೂಇ ಪಾರ್ಟ್ 1 ಮತ್ತು ನ್ಯಾಕ್ ಎಂಬ ವೈದ್ಯಕೀಯ ಪರೀಕ್ಷೆಗಳನ್ನು ಬರೆದು, ಸೀಟು ಹಂಚುವ ಕಾರ್ಮ್ಸ್ ಮೂಲಕ ರೆಸಿಡೆನ್ಸಿ ಸೀಟು ಪಡೆಯುವುದು. ಕಾರ್ಮ್ಸ್‌ಗೆ ಅರ್ಜಿ ಹಾಕಲು ನಾಗರಿಕರೋ ಪಿಆರ್ ಇರುವವರೋ ಆಗಿರಬೇಕು. ಅಂದರೆ ಅಮೆರಿಕದಲ್ಲಿ ರೆಸಿಡೆನ್ಸಿ ಮೊದಲು, ಪಿಆರ್ ಕೊನೆಗೆ. ಇಲ್ಲಿ ಪಿಆರ್ ಮೊದಲು, ರೆಸಿಡೆನ್ಸಿ ಆಮೇಲೆ. ವಿದೇಶದಲ್ಲಿ ಓದಿದವರಿಗೆ ಸೀಟುಗಳು ಕಡಿಮೆ, ಸಿಕ್ಕರೂ ಹಲವು ಪ್ರಾಂತ್ಯಗಳಲ್ಲಿ ಅವರು ಹೇಳಿದ ಕಡೆ ಕೆಲವು ವರ್ಷ ಸೇವೆ ಮಾಡುವ ಕರಾರು ಇರುತ್ತದೆ. ಇನ್ನೊಂದು ದಾರಿ ಪ್ರ್ಯಾಕ್ಟೀಸ್ ರೆಡಿ ಅಸೆಸ್‌ಮೆಂಟ್. ನಿಮ್ಮ ದೇಶದಲ್ಲಿ ಪಿಜಿ ಮುಗಿಸಿ ಸ್ವತಂತ್ರವಾಗಿ ಕೆಲಸ ಮಾಡಿದವರನ್ನು ಸುಮಾರು 12 ವಾರ ಅಲ್ಲಿನ ವೈದ್ಯರ ಕಣ್ಗಾವಲಿನಲ್ಲಿ ಕೆಲಸ ಮಾಡಿಸಿ ನೋಡುತ್ತಾರೆ. ಒಪ್ಪಿದರೆ ಮತ್ತೆ ರೆಸಿಡೆನ್ಸಿ ಬೇಡ. ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾ, ನೋವಾ ಸ್ಕೋಶಿಯಾಗಳಲ್ಲಿ ಇದು ಇದೆ, 2023ರಲ್ಲಿ ಒಂಟಾರಿಯೊ ಕೂಡ ಶುರು ಮಾಡಿತು.

ಈ ಎರಡನೇ ದಾರಿಯಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಇತ್ತೀಚಿನ ಕೆಲವು ವರ್ಷಗಳಲ್ಲಿ ನೀವು ನಿಜವಾಗಿ ರೋಗಿಗಳನ್ನು ನೋಡಿರಬೇಕು ಎಂದು ಅವರು ಕೇಳುತ್ತಾರೆ. ಪಿಆರ್ ಬಂತು ಅಂತ ಕೆಲಸ ಬಿಟ್ಟು ಹೋಗಿ, ಅಲ್ಲಿ ಯಾವುದೋ ಕೆಲಸ ಮಾಡುತ್ತ ಮೂರು ನಾಲ್ಕು ವರ್ಷ ಪರೀಕ್ಷೆಗೆ ಓದಿದರೆ, ಪರೀಕ್ಷೆ ಪಾಸಾಗುವ ಹೊತ್ತಿಗೆ ಈ ಅರ್ಹತೆಯೇ ಕೈಬಿಟ್ಟು ಹೋಗಿರುತ್ತದೆ. ಹಾಗಾಗಿ ಕೆಲಸದಲ್ಲಿ ಇದ್ದುಕೊಂಡೇ ಪರೀಕ್ಷೆಗಳನ್ನು ಮುಗಿಸಿ, ಆಮೇಲೆ ಹೊರಡಿ. ಎಂಸಿಸಿಕ್ಯೂಇ ಪಾರ್ಟ್ 1 ಅನ್ನು ಕೆನಡಾದ ಹೊರಗೇ ಬರೆಯಬಹುದು. ಅಮೆರಿಕದಲ್ಲಿ ರೆಸಿಡೆನ್ಸಿ ಮುಗಿಸಿ ಬೋರ್ಡ್ ಸರ್ಟಿಫಿಕೇಟ್ ಇರುವವರಿಗೆ ಹಲವು ಪ್ರಾಂತ್ಯಗಳು ಬೇಗ ಲೈಸೆನ್ಸ್ ಕೊಡುತ್ತವೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಬೇಸತ್ತ ಭಾರತೀಯ ಮೂಲದ ವೈದ್ಯರಿಗೆ ಇದು ನಿಜವಾದ ಪರ್ಯಾಯ.

ಸರ್ಕಾರವೂ ನಿಯಮ ಸಡಿಲಿಸುತ್ತಿದೆ. ಮೊದಲು ರೋಗಿಯ ಲೆಕ್ಕದಲ್ಲಿ ಶುಲ್ಕ ಪಡೆಯುವ ವೈದ್ಯರನ್ನು ಸ್ವಂತ ಉದ್ಯೋಗಿಗಳು ಎಂದು ಪರಿಗಣಿಸಿ ಅವರ ಕೆನಡಾ ಅನುಭವಕ್ಕೆ ಬೆಲೆ ಕೊಡುತ್ತಿರಲಿಲ್ಲ, ಅದನ್ನು ಸರಿಪಡಿಸಿದರು. 2025ರ ಡಿಸೆಂಬರ್‌ನಲ್ಲಿ ವೈದ್ಯರಿಗೇ ಪ್ರತ್ಯೇಕ ಎಕ್ಸ್‌ಪ್ರೆಸ್ ಎಂಟ್ರಿ ವರ್ಗ ಪ್ರಕಟಿಸಿದರು. ಕಳೆದ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಕೆನಡಾದಲ್ಲಿ ವೈದ್ಯರಾಗಿ ದುಡಿದವರಿಗೆ ಅದು. ಜತೆಗೆ ಪ್ರಾಂತ್ಯಗಳು ವೈದ್ಯರನ್ನು ನಾಮಿನೇಟ್ ಮಾಡಲೆಂದು 5,000 ಹೆಚ್ಚುವರಿ ಜಾಗ. ಈ ಎಲ್ಲ ಹೊಸ ಅನುಕೂಲ ಲೈಸೆನ್ಸ್ ಸಿಕ್ಕವರಿಗೆ ಎನ್ನುವುದನ್ನು ಮರೆಯಬೇಡಿ.

ಬ್ರಿಟನ್ ದಾರಿ ಕಾಗದದ ಮೇಲೆ ಅತಿ ಸುಲಭ. ವಿದೇಶಿ ವೈದ್ಯರ ಅರ್ಹತಾ ಪರೀಕ್ಷೆಯಾದ ಪ್ಲ್ಯಾಬ್ 1, ಮ್ಯಾಂಚೆಸ್ಟರ್‌ನಲ್ಲಿ ಪ್ಲ್ಯಾಬ್ 2, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.5 ಅಥವಾ ಒಇಟಿಯಲ್ಲಿ ಎಲ್ಲದರಲ್ಲೂ ಬಿ, ಅಲ್ಲಿನ ಮೆಡಿಕಲ್ ಕೌನ್ಸಿಲ್ ಆದ ಜಿಎಂಸಿಯ ನೋಂದಣಿ, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕೆಲಸ, ಹೆಲ್ತ್ ಆ್ಯಂಡ್ ಕೇರ್ ವೀಸಾ, 5 ವರ್ಷಕ್ಕೆ ಐಎಲ್‌ಆರ್ ಎಂಬ ಶಾಶ್ವತ ವಾಸದ ಹಕ್ಕು. ಎಂಆರ್‌ಸಿಪಿಯಂಥ ರಾಯಲ್ ಕಾಲೇಜ್ ಪರೀಕ್ಷೆ ಪಾಸಾದವರಿಗೆ ಪ್ಲ್ಯಾಬ್ ಬೇಡ. ವೀಸಾ ದೃಷ್ಟಿಯಿಂದ ಟ್ರೈನಿಂಗ್ ಕೆಲಸ, ಟ್ರೈನಿಂಗ್ ಅಲ್ಲದ ಕ್ಲಿನಿಕಲ್ ಫೆಲೋ ಕೆಲಸ ಎಂಬ ಭೇದ ಇಲ್ಲ, ಎರಡೂ 5 ವರ್ಷದ ಲೆಕ್ಕಕ್ಕೆ ಬರುತ್ತವೆ. ಆದರೆ ಎಂಟಿಐ ಎಂಬ 2 ವರ್ಷದ ತರಬೇತಿ ಯೋಜನೆಯ ವೀಸಾದಲ್ಲಿ ಕಳೆದ ಸಮಯ ಈ ಲೆಕ್ಕಕ್ಕೆ ಬರುವುದಿಲ್ಲ. ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ದೇಶದ ಹೊರಗೆ ಇರುವಂತಿಲ್ಲ.

ತೊಂದರೆ ಇರುವುದು ಕೆಲಸದಲ್ಲಿ. ಪ್ಲ್ಯಾಬ್ ಪಾಸಾದವರ ಸಂಖ್ಯೆಗೆ ತಕ್ಕಷ್ಟು ಮೊದಲ ಕೆಲಸಗಳಿಲ್ಲ. ನೂರಾರು ಅರ್ಜಿ ಹಾಕಿ ಒಂದೂ ಇಂಟರ್‌ವ್ಯೂ ಬರದವರಿದ್ದಾರೆ. ಸ್ಪೆಷಾಲಿಟಿ ಟ್ರೈನಿಂಗ್‌ಗೆ ಪೈಪೋಟಿ ವಿಪರೀತವಾದ ಮೇಲೆ, ಬ್ರಿಟನ್‌ನಲ್ಲೇ ಓದಿದವರಿಗೆ ಆದ್ಯತೆ ಕೊಡಲು ಸರ್ಕಾರ 2026ರ ಆರಂಭದಲ್ಲಿ ಮಸೂದೆಯನ್ನೇ ತಂದಿತು. 2026ರ ಆಯ್ಕೆಗೆ ಐಎಲ್‌ಆರ್ ಇರುವವರನ್ನೂ ಅದರಲ್ಲಿ ಆದ್ಯತೆಯ ಗುಂಪಿಗೆ ಸೇರಿಸಿತು. ಹಾಗಾಗಿ ಹೊಸದಾಗಿ ಹೋಗುವವರು ಮೊದಲ ಕೆಲವು ವರ್ಷ ಟ್ರೈನಿಂಗ್ ಅಲ್ಲದ ಕೆಲಸದಲ್ಲೇ ಇರಬೇಕಾಗಬಹುದು ಎಂದು ಲೆಕ್ಕ ಹಾಕಿಕೊಳ್ಳಬೇಕು. ಇನ್ನು ಐಎಲ್‌ಆರ್ ಅವಧಿಯನ್ನು ಸಾಮಾನ್ಯವಾಗಿ 10 ವರ್ಷಕ್ಕೆ ಏರಿಸುವ ಪ್ರಸ್ತಾಪ 2025ರಲ್ಲಿ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಎನ್‌ಎಚ್‌ಎಸ್ ವೈದ್ಯರಿಗೆ, ನರ್ಸ್‌ಗಳಿಗೆ 5 ವರ್ಷವೇ ಇರಲಿ ಎಂದು ಸರ್ಕಾರ ಹೇಳಿದೆ. ಪ್ಲ್ಯಾಬ್‌ಗೆ ದುಡ್ಡು ಕಟ್ಟುವ ಮೊದಲು ನಿಮ್ಮ ವಿಭಾಗದಲ್ಲಿ ಕೆಲಸ ಎಷ್ಟಿದೆ ಎಂದು ಎನ್‌ಎಚ್‌ಎಸ್ ಜಾಬ್ಸ್ ಎಂಬ ಕೆಲಸದ ಜಾಹೀರಾತುಗಳ ತಾಣ ನೋಡಿ. ಇಂಥ ಹೊತ್ತಲ್ಲಿ ಕೋಚಿಂಗ್‌ನವರ ಮಾತಿಗಿಂತ ಆ ಪಟ್ಟಿಯೇ ಹೆಚ್ಚು ನಂಬಿಕೆಯ ಮಾಹಿತಿ.

ಆಸ್ಟ್ರೇಲಿಯಾದಲ್ಲಿ ವೀಸಾ, ಪಿಆರ್ ಎರಡೂ ಸಾಮಾನ್ಯವಾಗಿ ಸುಗಮ. 482 ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಹೋಗಿ, 2 ವರ್ಷ ಕೆಲಸ ಮಾಡಿ, ಉದ್ಯೋಗದಾತರ ಮೂಲಕ 186 ಎಂಬ ಪಿಆರ್ ವೀಸಾಕ್ಕೆ ಹಾಕುವುದು ರೂಢಿ. 45 ವರ್ಷ ದಾಟಿದರೆ ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ. ಲೈಸೆನ್ಸ್‌ಗೆ ಎಎಂಸಿಯ, ಅಂದರೆ ಆಸ್ಟ್ರೇಲಿಯನ್ ಮೆಡಿಕಲ್ ಕೌನ್ಸಿಲ್‌ನ ಎರಡು ಪರೀಕ್ಷೆ. ಬ್ರಿಟನ್, ಐರ್ಲೆಂಡ್, ಅಮೆರಿಕ, ಕೆನಡಾ, ನ್ಯೂಜಿಲೆಂಡ್‌ಗಳಲ್ಲಿ ತರಬೇತಿ ಪಡೆದು ನಿಗದಿತ ಅರ್ಹತೆ ಇರುವವರಿಗೆ ಆ ಪರೀಕ್ಷೆಗಳಿಲ್ಲದ ದಾರಿ ಇದೆ. ಬ್ರಿಟನ್‌ನಲ್ಲಿ ಕೆಲವು ವರ್ಷ ಇದ್ದ ನಮ್ಮವರು ಆಸ್ಟ್ರೇಲಿಯಾದತ್ತ ಹೊರಳಲು ಇದೂ ಒಂದು ಕಾರಣ.

ಆದರೆ ಇಲ್ಲಿ ಪಿಆರ್ ಬಂದ ಮೇಲೂ ಉಳಿಯುವ ಒಂದು ಕಟ್ಟು ಇದೆ. ಆರೋಗ್ಯ ವಿಮೆ ಕಾಯ್ದೆಯ 19ಎಬಿ ಸೆಕ್ಷನ್. ಹೊರಗೆ ತರಬೇತಿ ಪಡೆದ ವೈದ್ಯರು ಸಾಮಾನ್ಯವಾಗಿ 10 ವರ್ಷ, ವೈದ್ಯರ ಕೊರತೆ ಇದೆ ಎಂದು ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಬಿಲ್ ಮಾಡಬಹುದು. ಜಿಪಿಗಳಿಗೆ, ಅಂದರೆ ಕುಟುಂಬ ವೈದ್ಯರಿಗೆ, ಇದು ಜೀವನದ ಪ್ರಶ್ನೆ, ಮೆಡಿಕೇರ್ ಇಲ್ಲದೆ ಕ್ಲಿನಿಕ್ ನಡೆಯುವುದಿಲ್ಲ. ಸಂಬಳಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಇರುವವರಿಗೆ ಇದರ ಬಿಸಿ ಕಡಿಮೆ. ತೀರಾ ದೂರದ ಊರುಗಳಲ್ಲಿ ಕೆಲಸ ಮಾಡಿದರೆ ಅವಧಿ ಕಡಿಮೆಯಾಗುತ್ತದೆ. ಸಿಡ್ನಿಯಲ್ಲೇ ಮನೆ ಮಾಡಿ ಅಲ್ಲೇ ಜಿಪಿ ಆಗುತ್ತೇನೆ ಎನ್ನುವ ಯೋಚನೆ ಇದ್ದರೆ ಆ ಕೊರತೆಯ ಪ್ರದೇಶಗಳ ನಕ್ಷೆಯನ್ನು ಮೊದಲು ನೋಡಿ.

ನ್ಯೂಜಿಲೆಂಡ್‌ನ ಗ್ರೀನ್ ಲಿಸ್ಟ್ ಎಂಬ, ಜನರ ಕೊರತೆ ಇರುವ ಉದ್ಯೋಗಗಳ ಪಟ್ಟಿಯಲ್ಲಿ ವೈದ್ಯರು ಇದ್ದಾರೆ. ನೋಂದಣಿ, ಕೆಲಸ ಎರಡೂ ಇದ್ದು ವಯಸ್ಸು 55ರ ಒಳಗಿದ್ದರೆ ನೇರವಾಗಿ ರೆಸಿಡೆಂಟ್ ವೀಸಾಕ್ಕೆ ಹಾಕಬಹುದು. ಇಕ್ಕಟ್ಟು ನೋಂದಣಿಯಲ್ಲಿ. ಎನ್‌ಝಡ್‌ರೆಕ್ಸ್ ಎಂಬ ನೋಂದಣಿ ಪರೀಕ್ಷೆ ಪಾಸಾದ ಮೇಲೂ ಮೇಲ್ವಿಚಾರಣೆಯ ಮೊದಲ ವರ್ಷದ ಕೆಲಸ ಸಿಗುವುದು ಕಷ್ಟ.

ಜರ್ಮನಿಯನ್ನು ಜನ ಭಾಷೆಯ ಭಯದಿಂದ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದು ಇನ್ನೂ ಹೆಚ್ಚು ಗಮನ ಕೊಡಬೇಕಾದ ದಾರಿ. ಜರ್ಮನ್ ಭಾಷೆಯ ಬಿ2 ಮಟ್ಟ, ಅದರ ಮೇಲೆ ವೈದ್ಯಕೀಯ ಭಾಷೆಯ ಸಿ1 ಮಟ್ಟದ ಪರೀಕ್ಷೆ, ಪದವಿ ಸಮಾನ ಅಲ್ಲ ಎಂದರೆ ಜ್ಞಾನ ಪರೀಕ್ಷೆ, ಆಮೇಲೆ ಅಪ್ರೊಬಾಟ್ಸಿಯೋನ್ ಎಂಬ ಪೂರ್ಣ ಲೈಸೆನ್ಸ್. ಸ್ಪೆಷಾಲಿಟಿ ತರಬೇತಿ ಅಲ್ಲಿ ಸಂಬಳದ ಕೆಲಸ, ಆಸ್ಪತ್ರೆಗೆ ನೇರ ಅರ್ಜಿ ಹಾಕಿ ಸೇರುವುದು, ರಾಷ್ಟ್ರಮಟ್ಟದ ಮ್ಯಾಚ್ ಇಲ್ಲ. ಇಯು ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯಲ್ಲಿ 27 ತಿಂಗಳಿಗೆ ಶಾಶ್ವತ ವಾಸ, ಬಿ1 ಜರ್ಮನ್ ಇದ್ದರೆ 21 ತಿಂಗಳಿಗೇ. ಡಾಕ್ಟರ್ ಆಗಿ ಕೆಲಸ ಮಾಡುವವರಿಗೆ ಬಿ1 ಹೇಗೂ ಇದ್ದೇ ಇರುತ್ತದೆ. ಅಂದರೆ ಸ್ಪೆಷಾಲಿಟಿ ಮುಗಿಯುವ ಬಹಳ ಮೊದಲೇ ಪಿಆರ್ ಕೈಯಲ್ಲಿ. ಮೊದಲ ಒಂದೂವರೆ ಎರಡು ವರ್ಷ ಭಾಷೆಗೇ ಕೊಡಬೇಕು ಅನ್ನುವುದೇ ಇದರ ಬೆಲೆ.

ಮನೆಯವರ ವಿಷಯ ಕೊನೆಗೆ ಇಟ್ಟಿದ್ದೇನೆ, ಆದರೆ ತೀರ್ಮಾನ ಮಾಡುವಾಗ ಅದು ಮೊದಲೇ ಬರಬೇಕು. ಅಮೆರಿಕದ ಸಾಲಿನಲ್ಲಿ ಕಾಯುವಾಗ ಮಗುವಿಗೆ 21 ತುಂಬಿದರೆ, ವಯಸ್ಸಿನ ಲೆಕ್ಕದಲ್ಲಿ ಕಾನೂನು ಕೊಡುವ ಸಣ್ಣ ರಿಯಾಯಿತಿಯೂ ಸಾಲದೆ ಹೋದರೆ, ಅಪ್ಪ ಅಮ್ಮನ ಅರ್ಜಿಯಿಂದ ಆ ಮಗು ಹೊರಗೆ ಬೀಳುತ್ತದೆ. ಐದು ವರ್ಷದ ಮಗುವನ್ನು ಕರೆದುಕೊಂಡು ಹೋಗುವವರು ಈ ಲೆಕ್ಕವನ್ನು ಹೋಗುವ ಮೊದಲೇ ಹಾಕಬೇಕು. ಗಂಡ ಹೆಂಡತಿ ಇಬ್ಬರೂ ಡಾಕ್ಟರ್ ಆಗಿದ್ದರೆ, ಇಬ್ಬರಿಗೂ ಜೆ-1 ಇದ್ದರೆ, ಇಬ್ಬರೂ ಬೇರೆ ಬೇರೆಯಾಗಿ ವೇವರ್ ಕೆಲಸ ಮಾಡಬೇಕು. ಒಂದೇ ಊರಿನಲ್ಲಿ ಎರಡು ಜಾಗ ಹುಡುಕುವುದು ಎಷ್ಟು ಕಷ್ಟ ಅಂತ ಹೇಳಬೇಕಿಲ್ಲ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಜರ್ಮನಿಗಳಲ್ಲಿ ಕೆಲಸದ ವೀಸಾ ಇರುವ ವೈದ್ಯರ ಸಂಗಾತಿ ಮೊದಲ ದಿನದಿಂದಲೇ ಕೆಲಸ ಹುಡುಕಬಹುದು. ಅಮೆರಿಕದಲ್ಲಿ ಎಚ್-4ಗೆ ಬಂದವರು ಐ-140 ಮಂಜೂರಾಗುವವರೆಗೆ ಸಾಮಾನ್ಯವಾಗಿ ಕಾಯಲೇಬೇಕು. ಅದಕ್ಕೇ ಕಾಂಟ್ರಾಕ್ಟ್‌ನಲ್ಲಿ ಆ ಅರ್ಜಿ ಹಾಕುವ ತಿಂಗಳನ್ನು ಬರೆಸಿಕೊಳ್ಳಿ ಅಂದದ್ದು.